ಮುಕ್ಕಳಿಸುವ ಮಾತು

ಅಕ್ಕನ ಹಾಡಿಗೆ ಜನ ಚಪ್ಪಾಳೆ ತಟ್ಟಿದಾಗಲೆಲ್ಲ ತಂಗಿಯ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ಸುಳ್ಳೇಕೆ ಹೇಳಬೇಕು, ಅದು ಹೊಟ್ಟೆಕಿಚ್ಚೇ. ಇಬ್ಬರೂ ಒಂದೇ ತಂಡದವರು. ಹೋಟೆಲಿನಲ್ಲೋ ಸಭಾಭವನದಲ್ಲೋ ಜನ ಉಣ್ಣುತ್ತ ಕೂತಾಗ ಹಾಡುವ ತಂಡ ಅದು. ಮುಂದಿನ ಮೈಕು ಅಕ್ಕನದು. ತಂಗಿಗೆ ಹಿಂದೆ ನಿಂತು 'ಆ' ಎಂದು ರಾಗ ಎಳೆಯುವ ಕೆಲಸ. ಉಣ್ಣುವವರು ಆ ದನಿ ಕೀಬೋರ್ಡಿನದೆಂದೇ ತಿಳಿದಿದ್ದರೋ ಏನೋ.

ಅಕ್ಕನಿಗೆ ಚಿಕ್ಕಂದಿನಿಂದ ಆಸ್ತಮಾ. ತಂಗಿಗೆ ಅದರ ಮೇಲೂ ಒಂದು ಕಣ್ಣು. ಅಕ್ಕ ಒಮ್ಮೆ ಕೆಮ್ಮಿದರೆ ಸಾಕು, ಅಮ್ಮ ಒಲೆ ಆರಿಸಿ ಓಡಿ ಬರುತ್ತಿದ್ದಳು. ತಂಗಿ ನೆಗಡಿಯಾಗಿ ಮಲಗಿದರೆ, "ಎದ್ದು ಮುಖ ತೊಳಿ, ಸರಿಹೋಗತ್ತೆ" ಎನ್ನುತ್ತಿದ್ದಳು.

ಆ ವರ್ಷ ಉಬ್ಬಸ ಮೇಲಿಂದ ಮೇಲೆ ಬರತೊಡಗಿ, ಡಾಕ್ಟರು ದಿನಾ ತೆಗೆದುಕೊಳ್ಳಲು ಹೊಸ ಇನ್‌ಹೇಲರ್ ಬರೆದುಕೊಟ್ಟರು. ಅದನ್ನು ತೋರಿಸಿಕೊಟ್ಟವಳು ಆಸ್ಪತ್ರೆಯ ನರ್ಸು.

"ಈ ಕಂದು ಬಣ್ಣದ್ದು ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ. ಚೆನ್ನಾಗಿದೀನಿ ಅಂತ ಬಿಡೋ ಹಾಗಿಲ್ಲ. ಎದೆ ಒಳಗಿನ ಊತ ಇಳಿಸಿ, ಉಬ್ಬಸ ಬರದೇ ಇರೋ ಹಾಗೆ ನೋಡ್ಕೊಳತ್ತೆ. ಬಂದೇಬಿಟ್ರೆ ಇದರಿಂದ ಪ್ರಯೋಜನ ಇಲ್ಲ, ಆವಾಗ ನಿಮ್ಮ ಹಳೇ ನೀಲಿದು."

ಅಷ್ಟರಲ್ಲಿ ಅಕ್ಕನ ಫೋನು ಹೊಡೆದುಕೊಂಡಿತು. ತಂಡದ ಯಜಮಾನರು. ಅಕ್ಕ ಹೊರಗೆದ್ದು ಹೋದಳು. ನರ್ಸು ತಂಗಿಯ ಕಡೆ ತಿರುಗಿದಳು.

"ಇದೊಂದು ಅಕ್ಕನಿಗೆ ಹೇಳಿಬಿಡಮ್ಮ. ಕಂದು ಪಫ್ ತಗೊಂಡಾಗೆಲ್ಲ ನೀರಲ್ಲಿ ಬಾಯಿ, ಗಂಟಲು ಚೆನ್ನಾಗಿ ಮುಕ್ಕಳಿಸಿ ಉಗೀಬೇಕು. ಇಲ್ದಿದ್ರೆ ಔಷಧಿ ಅಲ್ಲೇ ಕೂತು ಬಾಯಲ್ಲಿ ಬಿಳಿ ಹುಣ್ಣಾಗಬಹುದು, ದನಿ ಒಡೀಬಹುದು. ಹಾಡೋರು ಬೇರೆ, ಪಾಪ."

ಬಸ್ಸಿನಲ್ಲಿ ಅಕ್ಕ ಕೇಳಿದಳು, "ನಾನು ಹೋದ್ಮೇಲೆ ಇನ್ನೇನಾದ್ರೂ ಅಂದ್ರೇನೇ?"

"ಏನಿಲ್ಲ. ಒಂದು ದಿನಾನೂ ತಪ್ಪಿಸ್ಬೇಡಿ ಅಂದ್ರು."

ಹೇಳಿದ್ದು ತಪ್ಪೆಂದು ತಂಗಿಗೂ ಗೊತ್ತಿತ್ತು. ಆದರೆ ಮನಸ್ಸು ಸಮಾಧಾನ ಹುಡುಕುವುದರಲ್ಲಿ ಎತ್ತಿದ ಕೈ. ತಂಡದಲ್ಲೊಂದು ಕಟ್ಟುನಿಟ್ಟಿತ್ತು: ಬೆಳಗಿನ ಸಾಧಕ ಮುಗಿಯುವವರೆಗೆ ಯಾರೂ ಗಂಟಲಿಗೆ ನೀರು ಸೋಕಿಸಬಾರದು, ಕಾದ ದನಿ ತಣ್ಣಗಾಗುತ್ತದೆ ಎಂದು ಯಜಮಾನರ ನಂಬಿಕೆ. ಅಕ್ಕ ಪಫ್ ಎಳೆದು ನೇರ ಸಾಧಕಕ್ಕೆ ಕೂರುವವಳು. ಹೇಳಿದರೂ ಎಲ್ಲಿ ಕೇಳುತ್ತಿದ್ದಳು ಎಂದು ತಂಗಿ ತನಗೆ ತಾನೇ ವಕೀಲಿಕೆ ಮಾಡಿಕೊಂಡಳು.

ಔಷಧಿ ತನ್ನ ಕೆಲಸ ಮಾಡಿತು. ಉಬ್ಬಸ ನಿಂತಿತು, ಅಕ್ಕ ಮೆಟ್ಟಿಲನ್ನು ಓಡುತ್ತ ಹತ್ತತೊಡಗಿದಳು. ಆದರೆ ನರ್ಸು ಹೇಳಿದ್ದೂ ಆಯಿತು. ದನಿ ಮೊದಲು ಮಂಕಾಯಿತು, ಆಮೇಲೆ ಮೇಲಿನ ಸ್ವರಗಳಲ್ಲಿ ಬಿರಿಯಿತು.

"ಸ್ವಲ್ಪ ದಿನ ಚಿಕ್ಕೋಳು ಮುಂದೆ ನಿಲ್ಲಲಿ" ಎಂದರು ಯಜಮಾನರು.

ತಂಗಿ ಮುಂದೆ ನಿಂತಳು. ಚೆನ್ನಾಗಿಯೇ ಹಾಡಿದಳು. ಉಣ್ಣುತ್ತಿದ್ದವರು ಕೈಯೆತ್ತಿ ಚಪ್ಪಾಳೆ ತಟ್ಟಿದರು. ಆ ಖುಷಿಯನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಕೆಳಗಿಳಿದಾಗ ಅಕ್ಕ ಒಡಕು ದನಿಯಲ್ಲಿ, "ಎಷ್ಟು ಚೆನ್ನಾಗಿ ಹಾಡ್ದೆ ಕಣೇ" ಎಂದು ಬೆನ್ನು ತಟ್ಟಿದಳು. ತಂಗಿಗೆ ಅದಕ್ಕೂ ಮೈ ಉರಿಯಿತು. ಸೋತು ನಿಂತಾಗಲೂ ಇವಳೇ ದೊಡ್ಡವಳಾಗಬೇಕೆ?

ಮರುದಿನ ಅಕ್ಕ ಕಂದು ಇನ್‌ಹೇಲರನ್ನು ಕಪಾಟಿಗೆ ಎಸೆದಳು. "ಈ ಹಾಳಾದ್ದೇ ನನ್ನ ಗಂಟಲು ತಿಂದಿದ್ದು. ಇನ್ನು ಮುಟ್ಟಲ್ಲ."

ಮಾತು ತಂಗಿಯ ನಾಲಿಗೆಯ ತುದಿಗೆ ಬಂತು. ಆದರೆ ಮುಂದಿನ ವಾರ ದೊಡ್ಡ ಸಭಾಭವನದ ಕಾರ್ಯಕ್ರಮವಿತ್ತು, ಮುಂದಿನ ಮೈಕು ಅವಳದಾಗಿತ್ತು. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಅಕ್ಕ ಮತ್ತೆ ನೀಲಿಯನ್ನು ಎಳೆಯತೊಡಗಿದಳು, ಮೊದಮೊದಲು ಅಪರೂಪಕ್ಕೆ, ಆಮೇಲೆ ಮಾತುಮಾತಿಗೆ. ತಂಗಿ ಅದನ್ನು ಕಂಡೂ ತುಟಿಪಿಟಕ್ಕೆನ್ನಲಿಲ್ಲ.

ಆ ಕಾರ್ಯಕ್ರಮದ ಹಿಂದಿನ ದಿನ, ಅಭ್ಯಾಸದ ನಡುವೆ ಅಕ್ಕ ಸ್ಪೀಕರಿನ ಪೆಟ್ಟಿಗೆ ಹಿಡಿದುಕೊಂಡು ಕುಸಿದಳು. ಎದೆ ಸೀಟಿ ಹೊಡೆಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು, ಒಂದು ಪದ ಪೂರ್ತಿ ಆಡಲಾಗುತ್ತಿರಲಿಲ್ಲ. ತಂಗಿ ಅವಳನ್ನು ನೆಟ್ಟಗೆ ಕೂರಿಸಿ, ನೀಲಿ ಪಫ್ ಕೊಡುತ್ತಲೇ ತಂಡದ ವ್ಯಾನಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಅವಳು ಬೇಡಿಕೊಂಡದ್ದು ಒಂದೇ: ಮೈಕು ಬೇಡ, ಇವಳೊಬ್ಬಳು ಉಸಿರಾಡಿದರೆ ಸಾಕು.

ಆಸ್ಪತ್ರೆಯಲ್ಲಿ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ಕೇಳಿದರು, "ದಿನದ ಔಷಧಿ ನಮ್ಮನ್ನ ಕೇಳದೆ ಯಾಕಮ್ಮ ನಿಲ್ಲಿಸಿದ್ರಿ?"

"ದನಿ ಹೋಯ್ತು ಡಾಕ್ಟ್ರೇ."

ಡಾಕ್ಟರು ಟಾರ್ಚು ಬಿಟ್ಟು ಬಾಯಿ ನೋಡಿದರು. "ಬಿಳಿ ಕಟ್ಟಿದೆ. ಇದಕ್ಕೆ ಔಷಧಿ ಇದೆ, ವಾಸಿಯಾಗತ್ತೆ, ದನಿನೂ ಬರತ್ತೆ. ಪಫ್ ಆದ್ಮೇಲೆ ಮುಕ್ಕಳಿಸ್ತಿರ್ಲಿಲ್ವಾ? ಯಾರೂ ಹೇಳ್ಲಿಲ್ವಾ?"

"ಇಲ್ಲ."

"ಹೇಳಿದ್ರು," ಎಂದಳು ಗೋಡೆಗೆ ಒರಗಿ ನಿಂತಿದ್ದ ತಂಗಿ. "ನನಗೆ ಹೇಳಿದ್ರು."

ಅಕ್ಕ ತಿರುಗಿ ನೋಡಿದಳು. "ಮರೆತುಬಿಟ್ಯೇನೇ?"

ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಬಾಗಿಲು ತೆರೆದೇ ಕೊಟ್ಟಿದ್ದಳು.

"ಇಲ್ಲ," ಎಂದಳು ತಂಗಿ.

ಅಕ್ಕ ಬೈಯಲಿಲ್ಲ, ಅಮ್ಮನ ಹತ್ತಿರವೂ ಆಡಲಿಲ್ಲ. ಯಜಮಾನರ ಕಟ್ಟುನಿಟ್ಟನ್ನು ಮುರಿದು, ದಿನಾ ಎರಡು ಹೊತ್ತು ಕಂದು ಪಫ್ ಎಳೆದು, ಮುಕ್ಕಳಿಸಿ ಉಗಿದು, ಆಮೇಲೆ ಸಾಧಕಕ್ಕೆ ಕೂತಳು. ದನಿ ನಿಧಾನವಾಗಿ ತಿಳಿಯಾಯಿತು. ಮೈಕೂ ಅವಳಿಗೇ ಮರಳಿತು.

ಅವಳು ಮತ್ತೆ ಮುಂದೆ ನಿಂತು ಹಾಡಬೇಕಿದ್ದ ಮೊದಲ ದಿನ, ವೇದಿಕೆಯ ಪಕ್ಕದಲ್ಲಿ ಚೀಲದಿಂದ ನೀಲಿ ಇನ್‌ಹೇಲರ್ ತೆಗೆದಳು. ಹಾಡುವಾಗ ಅಕಸ್ಮಾತ್ ಬೇಕಾದರೆ ಎಂದು ಇಷ್ಟು ವರ್ಷವೂ ಅದು ತಂಗಿಯ ಮುಷ್ಟಿಯಲ್ಲೇ ಇರುತ್ತಿತ್ತು. ತಂಗಿ ಕೈ ಚಾಚಿದಳು. ಅಕ್ಕ ಅವಳನ್ನು ದಾಟಿ ಡ್ರಮ್ಮಿನವನ ಹತ್ತಿರ ಹೋದಳು.

"ಇದನ್ನ ಹಿಡ್ಕೋ. ನಾನು ಸನ್ನೆ ಮಾಡಿದ ತಕ್ಷಣ ಕೊಡ್ಬೇಕು."

"ಅಯ್ಯೋ, ನನ್ನ ಎರಡೂ ಕೈಲಿ ಕೋಲಿರತ್ತಲ್ಲಕ್ಕಾ? ನಿಮ್ಮ ತಂಗಿ ಇದಾಳಲ್ಲ?"

"ಪರವಾಗಿಲ್ಲ. ನೀನೇ ಇಟ್ಕೋ."

ಹಾಡು ಶುರುವಾಯಿತು, ಚಪ್ಪಾಳೆಯೂ ಬಿತ್ತು. ತಂಗಿ ಅಕ್ಕನ ಕಡೆ ನೋಡಲಿಲ್ಲ. ಆ ಸಂಜೆಯೆಲ್ಲ ಅವಳಿಗೆ ಹೊಟ್ಟೆಕಿಚ್ಚಾದದ್ದು ಡ್ರಮ್ಮಿನವನನ್ನು ಕಂಡು.