ಒಂದು ಬೀಮ್, ಎರಡು ಹೆಸರು

ಬಸಗೊಂಡಪ್ಪನ ಅಂಗಡಿ ತನ್ನನ್ನು ಕೈಬಿಟ್ಟರೆ ಉಳಿದ ಹದಿನೆಂಟು ಅಂಗಡಿಗಳೂ ಕೈಬಿಡುತ್ತವೆ ಎಂದು ಗಂಗಾಂಬಿಕೆಗೆ ಗೊತ್ತಿತ್ತು. ಬನಹಟ್ಟಿಯ ಸೀರೆ ವ್ಯಾಪಾರಿಗಳು ಅವನನ್ನು ನೋಡಿಯೇ ಹೆಜ್ಜೆ ಇಡುತ್ತಿದ್ದರು. ಯಾವ ನೇಕಾರರ ಮನೆಗೆ ಹಾಸುನೂಲು ಸುತ್ತಿದ ಎಷ್ಟು ಬೀಮ್ ಹೋಯಿತು, ಎಷ್ಟು ಸೀರೆ ಬಂತು ಎಂದು ಬರೆದಿಡುವ ಅವಳ ಸಾಫ್ಟ್‌ವೇರ್ ಆರು ವರ್ಷದಿಂದ ಅವರೆಲ್ಲರ ಕಂಪ್ಯೂಟರಿನಲ್ಲಿತ್ತು. ಮಾಡಿದವಳೂ ಅವಳೇ, ಕೆಟ್ಟರೆ ಸ್ಕೂಟಿ ಹತ್ತಿ ಬರುವವಳೂ ಅವಳೇ.

೨೦೧೩ರಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಬನಹಟ್ಟಿಗೂ ಬಂತು. ಅದರ ಪರವಾಗಿ ತೇರದಾಳದ ಶಶಿಕಾಂತ ಬಸಗೊಂಡಪ್ಪನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ನಿಮ್ಮ ಕಂಪ್ಯೂಟರ್ ಸುಟ್ಟರೂ ಚಿಂತಿಲ್ರಿ ಸಾವಕಾರ್ರ. ಎಲ್ಲಾ ನಮ್ಮ ಸರ್ವರ್‌ನಾಗ ಇರ್ತೈತಿ. ತಿಂಗಳಾ ಬಾಡಿಗಿ ಕೊಡೂದು, ಫೋನಿನಾಗ ನೋಡೂದು."

ಬಸಗೊಂಡಪ್ಪ ಗಂಗಾಂಬಿಕೆಯತ್ತ ತಿರುಗಿದ. "ದೀಪಾವಳಿಗೆ ನಿಂದು ನಾಕ ದಿನ ಮಲಗಿತ್ತಲ್ಲ, ತಂಗಿ."

"ಮಲಗಿತ್ತರಿ. ಇನ್ನೊಂದು ಕಾಪಿ ಇಟ್ಟಿದ್ದಿಲ್ಲ. ತಪ್ಪು ನಂದ."

ಅಷ್ಟರಲ್ಲಿ ಅಂಗಡಿಗೆ ನೇಯುವ ಸಾವಕ್ಕ ಇಪ್ಪತ್ತು ಸೀರೆಗಳ ಗಂಟು ತಂದಿಟ್ಟಳು. "ಬಾಯಿಮಾತು ಸಾಕು," ಅಂದ ಬಸಗೊಂಡಪ್ಪ, "ಈ ಮಾಲು ಇಬ್ಬರೂ ನಿಮ್ಮ ನಿಮ್ಮದರಾಗ ಬರಕೊಳ್ರಿ."

ಸಾವಕ್ಕನ ಮನೆಯಲ್ಲಿ ಮಗ್ಗ ಒಂದೇ. ಮಧ್ಯಾಹ್ನದ ತನಕ ಅವಳು ನೇಯುತ್ತಾಳೆ, ಆಮೇಲೆ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಅನಸವ್ವ. ಸಾವಕ್ಕನ ಸೀರೆಯ ಅಂಚಿಗೆ ಕೆಂಪು ದಾರದ ಗಂಟು, ಅನಸವ್ವನದಕ್ಕೆ ಹಸಿರು. ಶಶಿಕಾಂತನ ಸಾಫ್ಟ್‌ವೇರ್ ಒಂದು ಬೀಮಿಗೆ ಒಂದೇ ಹೆಸರು ಕೇಳಿತು. ಅವನು 'ಸಾವಕ್ಕ ಅನಸವ್ವ' ಎಂದು ಕೂಡಿಸಿ ಟೈಪ್ ಹೊಡೆದ. ಒಪ್ಪಿಕೊಂಡಿತು.

"ಇಬ್ಬರನ್ನೂ ಒಬ್ಬಾಕಿನ್ನ ಮಾಡಿದೇನೋ ತಮ್ಮಾ?" ಸಾವಕ್ಕ ಬಗ್ಗಿ ನೋಡಿದಳು. "ಇದರಾಗ ಎರಡು ಸೀರಿಗೆ ಎಣ್ಣಿ ಕಲಿ ಬಿದ್ದೈತಿ. ಎರಡೂ ಹಸಿರು ಗಂಟಿನವು. ನನ್ನ ಕೂಲಿ ಯಾಕ ಕಡೀತಿ?"

"ಅಷ್ಟು ಮನ್ಯಾಗ ಹೊಂದಿಸ್ಕೊಳ್ರಿ ಅಕ್ಕಾ."

"ಹೊಂದಿಸ್ಕೊಳ್ಳಾಕ ಬರತಿದ್ರ ಗಂಟು ಯಾಕ ಕಟ್ತಿದ್ವಿ?"

ಗುಮಾಸ್ತ ಧರೆಪ್ಪ ನಕ್ಕ. ಗಂಗಾಂಬಿಕೆ ನಗಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ತನ್ನ ಸಾಫ್ಟ್‌ವೇರ್‌ನಲ್ಲಿ ಅದೇ ಬೀಮಿಗೆ ಎರಡು ಹೆಸರು ಹಾಕಿ, ಕೆಂಪು ಹನ್ನೊಂದು, ಹಸಿರು ಒಂಬತ್ತು, ಹಸಿರಿನಲ್ಲಿ ಕಲೆ ಎರಡು ಎಂದು ಬರೆದಳು. "ನಿಮ್ಮ ಫೋನ್ ಕೊಡ್ರಿ ಸಾವಕಾರ್ರ."

ಫೋನಿನಲ್ಲಿ ತನ್ನ ಸಾಫ್ಟ್‌ವೇರ್ ತೆರೆದು ತೋರಿಸಿದಳು. ಅಲ್ಲೂ ಅದೇ ಲೆಕ್ಕ ಇತ್ತು.

"ಇದು ಯಾವಾಗಿಂದ?"

"ಎರಡು ವಾರ ಆತು. ನಾನೂ ಸರ್ವರ್ ಬಾಡಿಗಿ ಹಿಡದೇನಿ. ಪರೀಕ್ಷಾ ಮಾಡಾಕತ್ತಿದ್ದೆ, ಅದಕ್ಕ ಹೇಳಿದ್ದಿಲ್ಲ."

"ಕಂಪ್ಯೂಟರ್ ಸುಟ್ಟರ?"

ಅವಳು ಬಗ್ಗಿ ಪ್ಲಗ್ ಕಿತ್ತಳು. ಧರೆಪ್ಪ ಹೌಹಾರಿ ಎದ್ದ. ಬಸಗೊಂಡಪ್ಪ ಫೋನ್ ಒತ್ತಿ ನೋಡಿದ. ಸಾವಕ್ಕನ ಹನ್ನೊಂದೂ ಅಲ್ಲೇ ಇದ್ದವು.

"ನೀನೂ ಬಾಡಿಗಿ ಕೇಳಾಕಿನ?"

"ಹೌದ್ರಿ, ಇನ್ನ ತಿಂಗಳಾ. ಮಲಗಿದ ತಿಂಗಳಿಂದು ಕೊಡಬ್ಯಾಡ್ರಿ."

"ಆತು. ಮತ್ತೊಮ್ಮೆ ಮಲಗಿದ್ರ ಇವನ್ನ ಕರೀತೀನಿ."

ಹೊರಗೆ ಶಶಿಕಾಂತ ಬೈಕಿಗೆ ಚೀಲ ಕಟ್ಟುತ್ತಿದ್ದ. "ನಮ್ಮವರೂ ಎರಡು ಹೆಸರಿಗೆ ಜಾಗಾ ಮಾಡ್ತಾರ ಬಿಡು."

"ಮಾಡ್ಲಿ. ಎಷ್ಟು ದಿನ ಹಿಡೀತೈತಿ?"

"ಮ್ಯಾಲಿನವರಿಗೆ ಬರೀಬೇಕು, ಅವರು ಒಪ್ಪಬೇಕು. ವರ್ಷ ಆಗಬಹುದು."

ಗಂಗಾಂಬಿಕೆ ಗಡಿಯಾರ ನೋಡಿದಳು. ಎರಡೂವರೆ. ಸಂಜೆಯೊಳಗೆ ಇನ್ನೂ ಮೂರು ಅಂಗಡಿಗೆ ಹೋಗಿ ಫೋನಿನಲ್ಲಿ ಇದನ್ನು ತೋರಿಸಬಹುದು. ಸ್ಕೂಟಿ ಚಾಲೂ ಮಾಡಿದಳು.