ಕೆಮ್ಮದವಳ ಉಸಿರು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಹೊಟ್ಟು ಉರಿಸಿದ ಹೊಗೆಯಲ್ಲಿ ಬದುಕುವವರು ಕೆಮ್ಮದೆ ಇನ್ನೇನು ಮಾಡಿಯಾರು? ಹರಿಹರದ ಕಡೆಯ ಕೊಕ್ಕನೂರಿನಿಂದ ಬಂದು ಭಟ್ಟಿ ಹಾಕಿದ್ದ ಗುಡ್ಡಪ್ಪನೂ ಹಾಗೇ ಅಂದುಕೊಂಡಿದ್ದ. ಅವನು ಬೀಡಿ ಕಚ್ಚಿಕೊಂಡು ನಿಂತು ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದ. ಹೆಂಡತಿ ಕೊಟ್ರವ್ವ ಕೆಳಗೆ ಕೂತು ಒಲೆಯ ಬಾಯಿಗೆ ಹೊಟ್ಟು ಸುರಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಇಬ್ಬರೂ ಒಂದೊಂದು ತುಂಡು ಬೆಲ್ಲ ತಿನ್ನುವುದು ಆ ಓಣಿಯ ರೂಢಿ.

ಒಂದು ಸಂಜೆ ಮಂಡಕ್ಕಿಗೆ ಬಂದ ನರ್ಸ್ ಹಜೀರಾಬೀ, ಗುಡ್ಡಪ್ಪನ ಕೆಮ್ಮು ನಿಲ್ಲುವವರೆಗೂ ಕಾದಳು.

"ಎಷ್ಟು ತಿಂಗಳಾತಣ್ಣ ಈ ಕೆಮ್ಮು? ದವಾಖಾನಿಗೆ ಬರ್ರಿ."

"ಇದು ಭಟ್ಟಿ ಕೆಮ್ಮು ಅಕ್ಕಾರೆ. ಬೆಲ್ಲ ತಿಂದ್ರೆ ಹೊಗೆ ಇಳಿದು ಹೋಗತೈತೆ."

"ಬೆಲ್ಲ ಹೊಟ್ಟಿಗೆ ಹೋಗತೈತೆ, ಹೊಗೆ ಎದಿಗೆ ಹೋಗತೈತೆ. ಎರಡರ ದಾರಿನೇ ಬ್ಯಾರೆ."

ಅವಳು ಬೆಂಕಿಕಡ್ಡಿ ಗೀರಿ ಅವನ ಬಾಯಿಂದ ಚೋಟುದ್ದ ದೂರ ಹಿಡಿದಳು. "ಉಸಿರಿನ ಬಲ ಎಷ್ಟೈತೆ ನೋಡಾಣ. ತುಟಿ ಕೂಡಿಸಬ್ಯಾಡ್ರಿ. ಬಾಯಿ ಅಗಲ ತೆರೆದು ಊದ್ರಿ."

ಗುಡ್ಡಪ್ಪ ಒಂದೇ ಸಲಕ್ಕೆ ಆರಿಸಿದ. ಉಬ್ಬಿಹೋದ.

"ನೋಡಿದ್ರಾ? ಬೇಕಾದ್ರೆ ನಮ್ಮಾಕಿನ್ನೂ ಊದ್ಸಿ ನೋಡ್ರಿ. ಆಕಿಗೆ ಕೆಮ್ಮು ಅನ್ನೋದೇ ಇಲ್ಲ."

ಕೊಟ್ರವ್ವ ನಾಚಿಕೊಂಡು ಊದಿದಳು. ಉರಿ ಬಾಗಿತು, ಮತ್ತೆ ನೆಟ್ಟಗಾಯಿತು. ಎರಡನೆಯ ಕಡ್ಡಿಯೂ ಆರಲಿಲ್ಲ. ಗುಡ್ಡಪ್ಪನ ನಗು ಅಲ್ಲೇ ನಿಂತಿತು. ದಿನವೂ ಅಷ್ಟು ದೊಡ್ಡ ಬೆಂಕಿಯನ್ನು ಆಳುವವಳು ಅಕ್ಕಿಕಾಳಿನಷ್ಟು ಉರಿಗೆ ಸೋತಿದ್ದಳು.

"ಏದುಸಿರು ಬರತೈತೇನವ್ವ?"

"ಚೀಲ ಹೊತ್ತಾಗ ಬರತೈತಕ್ಕ. ವರ್ಷ ಆತು. ವಯಸ್ಸಾತು ಅಂದ್ಕಂಡಿದ್ದೆ."

ಅವಳಿಗೆ ಮೂವತ್ತೈದು ವರ್ಷ.

ದವಾಖಾನೆಯಲ್ಲಿ ಇಬ್ಬರಿಗೂ ಎಕ್ಸ್‌ರೇ ತೆಗೆದರು. ಕಫವನ್ನೂ ನೋಡಿದರು. ಕ್ಷಯವಿರಲಿಲ್ಲ. ಆಮೇಲೆ ಡಾಕ್ಟರು ತಮ್ಮ ಸ್ಟೆತಾಸ್ಕೋಪನ್ನು ಗುಡ್ಡಪ್ಪನ ಕಿವಿಗೇ ಹಾಕಿದರು. ಕೊಟ್ರವ್ವನ ಎದೆಯೊಳಗೆ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು. ಹದಿನೆಂಟು ವರ್ಷ ಜೊತೆಗಿದ್ದೂ ಈ ದನಿ ಅವನಿಗೆ ಗೊತ್ತಿರಲಿಲ್ಲ. ಒಂದು ಜೀವದೊಳಗೆ ಇಷ್ಟೆಲ್ಲ ನಡೆಯುತ್ತಿದ್ದರೂ ಹೊರಗೆ ಏನೂ ಕೇಳದೆ ಇರಬಹುದೇ ಎಂದು ಬೆರಗಾಗಿ ಕೂತುಬಿಟ್ಟ.

"ಹೊಗೆಯಿಂದ ಉಸಿರಿನ ಕೊಳವೆಗಳು ಬಾತಿವೆ" ಎಂದರು ಡಾಕ್ಟರು. "ಹಾಳಾದದ್ದು ಪೂರ್ತಿ ವಾಪಸ್ ಬರೋದಿಲ್ಲ. ಬೇಗ ಬಂದಿದ್ದೀರಿ, ಉಳಿದದ್ದನ್ನ ಕಾಪಾಡಬಹುದು. ಇವರಿಗೆ ಮಾತ್ರೆ ತಪ್ಪಿಸಬೇಡಿ, ಒಲೆ ಮುಂದೆ ಕೂರಿಸಬೇಡಿ. ನಿಮ್ಮ ಕೆಮ್ಮಿಗೂ ಔಷಧಿ ಕೊಡ್ತೀನಿ. ಬೀಡಿ ಮಾತ್ರ ಬಿಡಬೇಕು."

ಗುಡ್ಡಪ್ಪ ಭಟ್ಟಿಗೆ ಎತ್ತರದ ಹೊಗೆಕೊಳವೆ ಕಟ್ಟಿಸಿದ. ಬೀಡಿಯನ್ನು ಮೂರು ಸಲ ಬಿಟ್ಟು, ಮೂರನೆಯ ಸಲ ನಿಜವಾಗಿ ಬಿಟ್ಟ. ಕೊಟ್ರವ್ವ ಮಂಡಿಪೇಟೆಯಲ್ಲಿ ಮಂಡಕ್ಕಿ ಮಾರಲು ಕೂತಳು. ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ದಾರಿಯಲ್ಲಿ ಎಲ್ಲೂ ನಿಲ್ಲದೆ ಪೇಟೆ ಮುಟ್ಟಿದಳು. ಹಿಂದೆ ಬುಟ್ಟಿ ಹೊತ್ತಿದ್ದ ಗುಡ್ಡಪ್ಪನೇ, "ನಿಧಾನ ನಡಿಯೇ ಮಾರಾಯ್ತಿ" ಅನ್ನಬೇಕಾಯಿತು. ಅಂದವನ ಕಣ್ಣು ತುಂಬಿತ್ತು.

ಅಣ್ಣಂದಿರೇ, ಅಕ್ಕಂದಿರೇ, ಹೊಗೆಯಲ್ಲಿ, ಧೂಳಿನಲ್ಲಿ ದುಡಿಯುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಬನ್ನಿ. ಕೆಮ್ಮುವವರ ಕಷ್ಟ ಎಲ್ಲರಿಗೂ ಕೇಳಿಸುತ್ತದೆ. ಸುಮ್ಮನೆ ದುಡಿಯುವವರನ್ನು ನೀವೇ ಕರೆದು ಕೂರಿಸಿ ಕೇಳಿ: "ನಡೆದಾಗ ಉಸಿರು ಸಾಲುತ್ತದೆಯೇ?" ಇವತ್ತೇ ಕೇಳಿ.