ತಾಯಮ್ಮನ ಬೆರಳು ಒಪ್ಪಿದ ಮೇಲೆ

ನಾನು ಒಂದು ಫ್ರೆಂಚ್ ಪ್ರೆಸ್. ಹೆಸರು ದೊಡ್ಡದು, ಮೈ ಸಣ್ಣದು. ಗಾಜಿನ ಪಾತ್ರೆ, ಅದಕ್ಕೊಂದು ಉಕ್ಕಿನ ಚೌಕಟ್ಟು, ಮುಚ್ಚಳದ ನಡುವೆ ಏರಿಳಿಯುವ ಸಲಾಕೆ, ಸಲಾಕೆಯ ತುದಿಗೆ ಕಾಫಿ ಪುಡಿಯನ್ನು ತಳಕ್ಕೆ ಒತ್ತುವ ದುಂಡನೆಯ ಜಾಲರಿ. ಫ್ರಾನ್ಸ್ ಎಲ್ಲಿದೆಯೋ ನನಗೆ ತಿಳಿಯದು. ಯಾವುದೋ ಕಾರ್ಖಾನೆಯ ಬೆಂಕಿಯಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಕುಲುಕುತ್ತಾ ಹಾಸನಕ್ಕೆ ಬಂದೆ. ಅಲ್ಲಿ ನಜೀರ್ ಸಾಹೇಬರ ಗಾಜಿನ ಸಾಮಾನಿನ ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದೆ. ಒಬ್ಬರು ನನ್ನನ್ನು ಮಜ್ಜಿಗೆ ಕಡೆಯುವ ಸಾಧನ ಎಂದುಕೊಂಡರು. ಇನ್ನೊಬ್ಬರು ಹೂವಿಡಲು ಚೆನ್ನಾಗಿದೆ ಎಂದರು. ಕಾಫಿ ನಾಡಿನಲ್ಲಿ ಕಾಫಿ ಪಾತ್ರೆಗೆ ಬಂದ ಗತಿ ಇದು.

ಒಂದು ಬೆಳಿಗ್ಗೆ ತಾಯಮ್ಮ ಬಂದರು. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೂವತ್ತೊಂದು ವರ್ಷ ಕೆಟ್ಟ ಬೀಜ ಆರಿಸಿ ತೆಗೆದವರು. ಸಾಹೇಬರು ಮೂರು ಪ್ರೆಸ್‌ಗಳನ್ನು ಮುಂದಿಟ್ಟರು. ತಾಮ್ರದ ಬಣ್ಣದಲ್ಲಿ ಮಿರಮಿರ ಮಿಂಚುತ್ತಿದ್ದುದನ್ನು ತಾಯಮ್ಮ ಎತ್ತಿದರು, ಜಾಲರಿಯ ಅಂಚಿಗೆ ಬೆರಳಾಡಿಸಿದರು, ಕೆಳಗಿಟ್ಟರು. ಪ್ಲಾಸ್ಟಿಕ್ಕಿನದನ್ನು ಮೂಸಿದ್ದೇ ಸಾಕಾಯಿತು. ನನ್ನ ಜಾಲರಿಯನ್ನು ಮಾತ್ರ ಬಿಚ್ಚಿ ಬೆಳಕಿಗೆ ಹಿಡಿದರು. ಗಾಜಿಗೆ ಉಗುರು ತಾಗಿಸಿ ಸದ್ದು ಕೇಳಿದರು. ನೀರು ತರಿಸಿ ಸಲಾಕೆ ಒತ್ತಿ, ಜಾಲರಿ ಸುತ್ತಲೂ ಗಾಜಿಗೆ ತಾಗಿಕೊಂಡೇ ಇಳಿಯುತ್ತದೆಯೇ ಎಂದು ಬಗ್ಗಿ ನೋಡಿದರು. ಅಷ್ಟು ತಿಳಿದ ಬೆರಳುಗಳು ನನ್ನನ್ನು ಹಿಂದೆಂದೂ ಮುಟ್ಟಿರಲಿಲ್ಲ. ಹೆಮ್ಮೆಯಿಂದ ಬೀಗಿಹೋದೆ.

ನನ್ನಿಂದ ಅವರಿಗೆ ಏನಾಗಬೇಕಿತ್ತು ಎಂಬುದು ಅಡುಗೆಮನೆ ಸೇರಿದ ಮೇಲೆ ಗೊತ್ತಾಯಿತು. ವರ್ಕ್ಸ್‌ಗೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದಿತ್ತು. ಆರಿಸುವ ಹೆಂಗಸರಿಗೆ ಶಾಲು ಹೊದಿಸಿ, ಅದೇ ಯಂತ್ರದಲ್ಲಿ ಹಾದುಬಂದ ಹಸಿ ಬೀಜ ಒಂದೊಂದು ಕಿಲೋ ಕೊಟ್ಟು ಕೆಲಸದಿಂದ ಮನೆಗೆ ಕಳಿಸಿದ್ದರು. ಅಲ್ಲೇ ಲಾರಿ ಓಡಿಸುತ್ತಿದ್ದ ಗಂಡ ಬೋರೇಗೌಡರು ಸಮಾಧಾನ ಮಾಡಲೆಂದೇ ಒಂದು ಮಾತು ಆಡಿದ್ದರು.

"ಮಿಷಿನ್ನೂ ಅದ್ನೇ ಮಾಡ್ತದೆ ಬುಡು. ನೀನು ಸುಮ್ನೆ ಕಣ್ ನೋಯಿಸ್ಕಂಡೆ."

ಆ ಮಾತು ತಾಯಮ್ಮನಿಗೆ ಚುಚ್ಚಿತು. ಯಂತ್ರ ಮಾಡಿದ್ದೂ ತಾನು ಮಾಡಿದ್ದೂ ಒಂದೇ ಆದರೆ ಮೂವತ್ತೊಂದು ವರ್ಷ ತಾನು ಮಾಡಿದ್ದಾದರೂ ಏನು? ಕುಡಿದು ನೋಡಿಯೇ ತಿಳಿಯಬೇಕು ಎಂದು ಹಟ ಹಿಡಿದರು. ಮನೆಯ ಫಿಲ್ಟರಿನಲ್ಲಿ ಚಿಕೋರಿ, ಹಾಲು, ಬೆಲ್ಲ ಸೇರಿ ಬೀಜದ ಗುಣವೇ ಮುಚ್ಚಿಹೋಗುತ್ತದೆ. ವರ್ಕ್ಸ್‌ನ ರುಚಿ ನೋಡುವ ಕೋಣೆಯಲ್ಲಿ ನನ್ನಂಥದ್ದೊಂದು ಇದ್ದುದನ್ನು ಅವರು ಕಿಟಕಿಯಿಂದ ಕಂಡಿದ್ದರು.

ಬೀಜವನ್ನು ಎರಡು ಪಾಲು ಮಾಡಿದರು. ಒಂದನ್ನು ಯಂತ್ರ ಬಿಟ್ಟ ಹಾಗೆಯೇ ಇಟ್ಟರು. ಇನ್ನೊಂದನ್ನು ಮೊರದಲ್ಲಿ ಹರಡಿ, ಮುಟ್ಟಿ ಮೂಸಿ, ಕೆಟ್ಟವೆಂದು ಹನ್ನೊಂದು ಬೀಜ ತೆಗೆದರು. ಎರಡನ್ನೂ ಬೇರೆ ಬೇರೆ ಹುರಿದು, ಎರಡರಲ್ಲೂ ಮುಕ್ಕಾಲು ಭಾಗವನ್ನು ಪುಡಿ ಅಂಗಡಿಗೆ ಒಯ್ದರು. ಅಲ್ಲಿ ಎಡವಟ್ಟಾಯಿತು. ಹುಟ್ಟಿದಾರಭ್ಯ ಹೇಳುತ್ತಾ ಬಂದಂತೆ, ನುಣ್ಣಗೆ ಬೀಸಿಕೊಡಿ ಎಂದುಬಿಟ್ಟರು.

ಆ ನುಣುಪು ಪುಡಿ ನನ್ನ ಜಾಲರಿಗೆ ಮೆತ್ತಿಕೊಂಡಿತು. ಸಲಾಕೆ ಇಳಿಯಲೊಲ್ಲದು. ತಾಯಮ್ಮ ಅಂಗೈಯಿಟ್ಟು ಅದುಮಿದರು. ಬಿಸಿ ಕಾಫಿ ಚಿಮ್ಮಿ ಗೋಡೆಗೆ ಹಾರಿತು. ಒಂದೊಂದು ಪಾಲಿನದನ್ನು ಒಂದೊಂದು ಸಲ ಮಾಡಿದರೂ ಲೋಟಕ್ಕೆ ಇಳಿದದ್ದು ಬಗ್ಗಡ. ಬೋರೇಗೌಡರು ಎರಡನ್ನೂ ಕುಡಿದು, ಎರಡೂ ಒಂದೇ ಎಂದರು. ತಾಯಮ್ಮ ನನ್ನನ್ನು ತೊಳೆಯಲು ಕುಳಿತರು. ನಂಬಿ ತಂದವರ ಮಾನ ಕಳೆದೆನಲ್ಲ ಎಂದು ನನಗೆ ಅಳು ಬಂದಂತಾಯಿತು.

ತೊಳೆಯುತ್ತಿದ್ದವರ ಕೈ ನಿಂತಿತು. ಜಾಲರಿಯನ್ನು ಮತ್ತೆ ಬೆಳಕಿಗೆ ಹಿಡಿದು, ಡಬ್ಬದಿಂದ ಇಡ್ಲಿ ರವೆ ತಂದು ಅದರ ಮೇಲೆ ಉದುರಿಸಿದರು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ಎರಡೂ ಪಾಲಿನಲ್ಲಿ ಉಳಿದಿದ್ದ ಬೀಜವನ್ನು ಬೇರೆ ಬೇರೆಯಾಗಿ ಕುಟ್ಟಾಣಿಗೆ ಹಾಕಿ, ರವೆಯಷ್ಟೇ ತರಿಯಾಗಿ ಕುಟ್ಟಿದರು. ಎಂಥ ಹೆಂಗಸು!

ಈ ಸಲ ಕುದಿ ನಿಂತ ನೀರು ಹೊಯ್ದು ನಾಲ್ಕು ನಿಮಿಷ ಕಾದರು. ಸಲಾಕೆ ಒಂದೇ ಬೆರಳಿಗೆ ಇಳಿಯಿತು. ಮೊದಲನೆಯದನ್ನು ಬಗ್ಗಿಸಿ, ನನ್ನನ್ನು ತೊಳೆದು, ಎರಡನೆಯದನ್ನು ಮಾಡಿದರು. ಯಾವುದು ಯಾವುದೆಂದು ಹೇಳದೆ ಎರಡೂ ಲೋಟಗಳನ್ನು ಗಂಡನ ಮುಂದಿಟ್ಟು ಗೋಡೆಗೆ ಮುಖ ಮಾಡಿ ನಿಂತರು.

ಹಾಲಿಲ್ಲದ ಕಾಫಿಗೆ ಬೋರೇಗೌಡರು ಮುಖ ಕಿವುಚಿದರು. ಮೊದಲ ಲೋಟದಲ್ಲಿ ಇನ್ನೊಂದು ಗುಟುಕು ಕುಡಿದರು, ಮತ್ತೊಂದು ಕುಡಿದರು. ಎರಡನೆಯದನ್ನು ಒಂದೇ ಗುಟುಕಿಗೆ ಕೆಳಗಿಟ್ಟರು.

"ಇದ್ಯಾಕೋ ನೆಂದ ಗೋಣಿಚೀಲ ನಾರ್ದಂಗೆ ನಾರ್ತದೆ ಕಣೇ."

ತಾಯಮ್ಮ ತಿರುಗಿ ಮುಷ್ಟಿ ಬಿಚ್ಚಿದರು. ಹನ್ನೊಂದು ಬೀಜಗಳು, ನೋಡಲು ಉಳಿದವುಗಳಂತೆಯೇ ಇದ್ದವು.

"ನಾನು ಆರಿಸ್ದೆ ಬುಟ್ಟ ಪಾಲಲ್ಲಿ ಇಂಥವು ಹಂಗೇ ಉಳ್ಕಂಡವೆ. ಮಿಷಿನ್‌ಗೆ ಬಣ್ಣ ಕಾಣ್ತದೆ, ವಾಸ್ನೆ ಕಾಣಕ್ಕಿಲ್ಲ."

ಬೋರೇಗೌಡರು ತಲೆ ತಗ್ಗಿಸಿ, ಮೊದಲ ಲೋಟದ ಕಾಫಿಯನ್ನು ತಳದವರೆಗೂ ಕುಡಿದರು.

ಆಮೇಲೆ ಆರು ವರ್ಷ ದುಡಿದೆ. ಹೋದ ವರ್ಷ ಚಮಚ ತಾಗಿ ನನ್ನ ಗಾಜು ಸೀಳು ಬಿಟ್ಟಿತು. ತಾಯಮ್ಮ ಸಾಹೇಬರ ಅಂಗಡಿಗೆ ಹೋಗಿ, ನನ್ನನ್ನು ಆರಿಸಿದಂತೆಯೇ ಹೊಸದೊಂದನ್ನು ಆರಿಸಿ ತಂದರು. ನನಗೆ ಹೊಟ್ಟೆಕಿಚ್ಚಿಲ್ಲ. ಬಿಸಿನೀರು ತಡೆಯಲಾರದ ನನ್ನನ್ನೂ ಅವರು ಎಸೆಯಲಿಲ್ಲ. ಮೊರದ ಪಕ್ಕ ಕೂರಿಸಿದ್ದಾರೆ.

ಈಗ ಮನೆಗೆ ತಂದ ಬೀಜ ಹರಡಿದ ಆ ಮೊರದ ಮುಂದೆ ಕನ್ನಡಕ ಏರಿಸಿ ಕೂರುವವರು ಬೋರೇಗೌಡರು. ಒಂದು ಬೀಜವನ್ನು ಎತ್ತಿ ಬಹಳ ಹೊತ್ತು ತಿರುವಿ ತಿರುವಿ ನೋಡುತ್ತಾರೆ, ಕೊನೆಗೆ ಹೆಂಡತಿಯ ಕಡೆ ಚಾಚುತ್ತಾರೆ.

"ಇದು ಇರ್ಲಾ, ಹೋಗ್ಲಾ?"

ತಾಯಮ್ಮ ಒಮ್ಮೆ ಮೂಸಿ, ಹೋಗಲಿ ಎನ್ನುತ್ತಾರೆ. ಬೋರೇಗೌಡರು ಆ ಕೆಟ್ಟ ಬೀಜವನ್ನು ಜೋಪಾನವಾಗಿ ನನ್ನೊಳಗೆ ಹಾಕುತ್ತಾರೆ.